ಮಾಟುಂಗದಿಂದ ಮಸ್ಜಿದ್ ಬಂದರಕ್ಕೆ

ಮನೆಮಂದಿಯೆಲ್ಲ ಓದುವ ಪತ್ರಿಕೆಯಿದು. ಇಲ್ಲಿ ಬಿಯರಿನ ಮಾತೆತ್ತಿದರೆ ಹಿರಿಯ ವಾಚಕರಲ್ಲಿ ಕೆಲವರಾದರೂ ಹುಬ್ಬು ಗಂಟಿಕ್ಕಿಯಾರು ಎಂಬುದು ನನಗೆ ಗೊತ್ತು. ಆದ್ದರಿಂದ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ: ನಾನು ಕುಡಿಯುವವನಲ್ಲ, ಕುಡಿಯಿರೆಂದು ಯಾರಿಗೂ ಹೇಳುವವನೂ ಅಲ್ಲ. ಸರ್ಕಾರಿ ಕಚೇರಿಯೊಂದರ ಅಂಕಿಅಂಶಗಳ ವಿಭಾಗದಲ್ಲಿ ಕಡತ ಮಗುಚುವ ಒಬ್ಬ ಗುಮಾಸ್ತ. ಕಳೆದ ಚಳಿಗಾಲದ ಒಂದು ಶನಿವಾರ ಅಣ್ಣನೊಡನೆ ಮುಂಬಯಿಯಲ್ಲಿ ಮಾಡಿದ ತಿರುಗಾಟವನ್ನಷ್ಟೇ ಹೇಳಲು ಹೊರಟಿದ್ದೇನೆ. ಆ ತಿರುಗಾಟದ ಮೂಲಕಾರಣ ಬಿಯರು. ಅದಕ್ಕೆ ನಾನೇನೂ ಮಾಡುವಂತಿಲ್ಲ.

ಅಣ್ಣನೆಂದರೆ ಒಡಹುಟ್ಟಿದವನಲ್ಲ, ದೊಡ್ಡಮ್ಮನ ಮಗ. ಕುಂದಾಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಹುಟ್ಟಿ ಬೆಳೆದವನು, ಹದಿನೈದು ವರ್ಷಗಳಿಂದ ಇಂಗ್ಲೆಂಡಿನ ಒಂದು ಊರಿನಲ್ಲಿ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದಾನೆ. ಊರಿಗೆ ಬಂದು ಹಿಂದಿರುಗುವಾಗ ಡೊಂಬಿವಿಲಿಯ ನಮ್ಮ ಮನೆಯಲ್ಲಿ ನಾಲ್ಕು ದಿನ ಇಳಿದಿದ್ದ. ಒಂದು ಕೋಣೆ, ಒಂದು ಅಡುಗೆಮನೆ; ಅಮ್ಮ, ನನ್ನವಳು, ಎರಡು ವರ್ಷದ ಮಗಳು, ನಾನು, ಮೇಲೆ ಅಣ್ಣನ ಎರಡು ದೊಡ್ಡ ಪೆಟ್ಟಿಗೆಗಳು. ಶುಕ್ರವಾರ ರಾತ್ರಿ ಊಟಕ್ಕೆ ಕುಳಿತಾಗ ಅವನೆಂದ: “ನಾಳೆ ನಿನಗೆ ರಜೆಯಲ್ಲವಾ? ನನಗೆ ಒಳ್ಳೆಯ ಕಾಫಿ, ಕಪ್ಪು ಬೆಲ್ಲ, ಸ್ವಲ್ಪ ರಾಗಿ ಬೇಕು ಮಾರಾಯ. ಮಾರ್ಚಿಯಲ್ಲಿ ನಮ್ಮ ಕ್ಲಬ್ಬಿನ ಸ್ಪರ್ಧೆಯಿದೆ.”

ಅಡುಗೆಯ ಸ್ಪರ್ಧೆಯೇನೋ ಎಂದುಕೊಂಡೆವು. ಅವನು ವಿವರಿಸಿದ. ಆ ದೇಶದಲ್ಲಿ ಹವ್ಯಾಸಕ್ಕಾಗಿ ಮನೆಯಲ್ಲೇ ಬಿಯರ್ ಮಾಡುವವರ ಸಂಘಗಳಿವೆಯಂತೆ. ಇವನ ಸಂಘದಲ್ಲಿ ಮೂವತ್ತು ಮಂದಿ. ಮೇಷ್ಟ್ರು, ಬಡಗಿ, ಬಸ್ಸಿನ ಡ್ರೈವರು ಎಲ್ಲರೂ ಇದ್ದಾರೆ. ಈ ಸಲದ ಸ್ಪರ್ಧೆ ಕಪ್ಪು ಬಿಯರುಗಳದ್ದು: ಪೋರ್ಟರ್ ಮತ್ತು ಸ್ಟೌಟ್. ಇವನಿಗೆ ತನ್ನ ಪೋರ್ಟರಿನಲ್ಲಿ ನಮ್ಮ ನಾಡಿನ ಗುರುತೊಂದು ಇರಬೇಕೆಂಬ ಆಸೆ.

ಒಳಗೆ ಪಾತ್ರೆ ತೊಳೆಯುತ್ತಿದ್ದ ಅಮ್ಮನ ಕೈ ನಿಂತಿತು. ನಲ್ಲಿಯ ನೀರು ಮಾತ್ರ ಸುರಿಯುತ್ತಿತ್ತು. ಅಣ್ಣನಿಗೆ ಅದು ತಿಳಿಯಲಿಲ್ಲ, ನನಗೆ ತಿಳಿಯಿತು.

ನಮ್ಮ ಅಪ್ಪ ಹನ್ನೆರಡು ವರ್ಷದ ಹುಡುಗನಾಗಿ ಮುಂಬಯಿಗೆ ಬಂದವರು. ಲಾಲ್‌ಬಾಗಿನ ಒಂದು ಹೋಟೆಲಿನಲ್ಲಿ ಬಟ್ಟಲು ತೊಳೆದು, ಕನ್ನಡ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಸಪ್ಲೈಯರಾಗಿ, ಗಲ್ಲಾಪೆಟ್ಟಿಗೆಯವರೆಗೂ ಏರಿದರು. ಸುತ್ತಲ ಗಿರಣಿಗಳ ಭೋಂಗಾ ಕೂಗಿದಾಗಲೆಲ್ಲ ಹೋಟೆಲು ತುಂಬುತ್ತಿತ್ತಂತೆ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಷ್ಕರ ಆರಂಭವಾಗಿ ಎರಡೂವರೆ ಲಕ್ಷದಷ್ಟು ಗಿರಣಿ ಕಾರ್ಮಿಕರು ಹೊರಗುಳಿದರು. ಎಷ್ಟೋ ಗಿರಣಿಗಳು ಮತ್ತೆ ಸರಿಯಾಗಿ ತೆರೆಯಲೇ ಇಲ್ಲ. ಗಿರಣಿಯ ಜೊತೆಗೆ ಅದನ್ನು ನಂಬಿದ ಚಹಾ ಅಂಗಡಿಗಳೂ ಹೋದವು. ಅಪ್ಪ ಮುಂದೆ ಒಂದು ಪರ್ಮಿಟ್ ರೂಮಿನಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಇತರರಿಗೆ ಬಡಿಸಿದ್ದನ್ನು ತಾವೂ ಕಲಿತರು. ಕೆಲಸ ಹೋದಮೇಲೆ ಅಗ್ಗದ್ದಕ್ಕೆ ಇಳಿದರು. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ತೀರಿಕೊಂಡರು. ಇದಕ್ಕಿಂತ ಹೆಚ್ಚು ಹೇಳುವುದು ಬೇಡ. ಅಮ್ಮ ಮೂರು ಮನೆಗಳ ಅಡುಗೆ ಮಾಡಿ ನನ್ನನ್ನು ಬಿ.ಎ. ಮಾಡಿಸಿದಳು ಎಂಬುದನ್ನಷ್ಟೇ ಸೇರಿಸುತ್ತೇನೆ.

ಶನಿವಾರ ಬೆಳಿಗ್ಗೆ ಸ್ಲೋ ಲೋಕಲ್ ಹಿಡಿದೆವು. ದಾರಿಯುದ್ದಕ್ಕೂ ನನ್ನದು ಒಂದೇ ಪ್ರಶ್ನೆ: “ಮನೆಯಲ್ಲಿ ಹೀಗೆ ಮಾಡಿದರೆ ಪೊಲೀಸರು ಹಿಡಿಯುವುದಿಲ್ಲವೇ?” ಸರ್ಕಾರಿ ನೌಕರನಿಗೆ ಮೊದಲು ಕಾಣುವುದು ಕಾನೂನು. ಅಣ್ಣ ಹೇಳಿದ್ದು ಇಷ್ಟು: ಇಂಗ್ಲೆಂಡಿನಲ್ಲಿ ಹಿಂದೆ ಮನೆಯಲ್ಲಿ ಬಿಯರ್ ಮಾಡಲು ಪರವಾನಗಿ ಬೇಕಿತ್ತು, 1963ರಲ್ಲಿ ಅರ್ಥಮಂತ್ರಿ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ತೆಗೆದುಹಾಕಿದ. ಮಾರುವಂತಿಲ್ಲ, ತಾನು, ತನ್ನ ಸ್ನೇಹಿತರು ಕುಡಿಯಬಹುದು. ಅಮೆರಿಕದಲ್ಲಿ ಇಂಥದೇ ಕಾನೂನಿಗೆ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದರು.

ನಮ್ಮಲ್ಲಿಯ ಸಂಗತಿ ಬೇರೆ. ಮುಂಬಯಿ ನಗರದಲ್ಲಿ ಪಾನನಿಷೇಧದ ಮೊದಲ ಪ್ರಯೋಗ ನಡೆದದ್ದು 1939ರಲ್ಲಿ. ಸ್ವಾತಂತ್ರ್ಯದ ಬಳಿಕ 1949ರ ಕಾಯಿದೆ ಬಂದು, 1950ರಲ್ಲಿ ಪೂರ್ಣ ನಿಷೇಧ ಜಾರಿಯಾಯಿತು. ಮುಂದೆ ಅದು ಸಡಿಲವಾಗಿ ಪರ್ಮಿಟ್ ಪದ್ಧತಿ ಬಂದಾಗ ನಮ್ಮ ಕಡೆಯವರ ಅನೇಕ ಹೋಟೆಲುಗಳ ಬಾಗಿಲ ಮೇಲೆ ‘ಪರ್ಮಿಟ್ ರೂಮ್’ ಎಂಬ ಫಲಕ ಏರಿತು. ಆದರೆ ಆ ಕಾಯಿದೆ ಇಂದಿಗೂ ಜೀವಂತವಾಗಿದೆ. ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಮಹಾರಾಷ್ಟ್ರದಲ್ಲಿ ಅಪರಾಧ. ಪರವಾನಗಿ ಪಡೆದು ಸಣ್ಣ ಪ್ರಮಾಣದಲ್ಲಿ ಮಾಡುವವರು ಇತ್ತೀಚೆಗೆ ಬಂದಿದ್ದಾರೆ. ಪುಣೆಯಲ್ಲಿ 2009ರಲ್ಲಿ ಹುಟ್ಟಿದ ‘ಡೂಲಾಲಿ’ ಮುಂದೆ ಮುಂಬಯಿಗೂ ಬಂತು. ಬ್ರಿಟಿಷ್ ಸೈನಿಕರು ಹಡಗಿಗಾಗಿ ಕಾದು ಕಾದು ತಲೆ ಕೆಡಿಸಿಕೊಳ್ಳುತ್ತಿದ್ದ ನಾಶಿಕದ ಬಳಿಯ ದೇವಳಾಲಿ ಶಿಬಿರದಿಂದ ಬಂದ ಮಾತು ಅದು. “ಆದ್ದರಿಂದ ನೀನು ಇಲ್ಲಿ ಸಾಮಾನು ಮಾತ್ರ ಕೊಳ್ಳು, ಒಲೆ ಹಚ್ಚುವುದು ನಿನ್ನ ಊರಿನಲ್ಲಿ,” ಎಂದೆ. ಅಣ್ಣ ನಕ್ಕು ಕೈಮುಗಿದ.

ಮಾಟುಂಗದಲ್ಲಿಳಿದು ಮೊದಲು ಸ್ಟೇಷನ್ನಿನ ಮಗ್ಗುಲಲ್ಲಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಮೆಟ್ಟಿಲು ನೋಡಿದೆವು. 1942ರಿಂದ ನಡೆದುಬಂದ ಆ ಊಟದ ಮನೆ ಮುಂಬಯಿಯ ಕನ್ನಡಿಗರಿಗೆ ತೀರ್ಥಕ್ಷೇತ್ರವಿದ್ದ ಹಾಗೆ. ಊಟದ ಹೊತ್ತಾಗಿರಲಿಲ್ಲ; ಕಿಂಗ್ಸ್ ಸರ್ಕಲಿನತ್ತ ನಡೆದೆವು. ಮಲ್ಲಿಗೆ ಮಾಲೆ, ಬಾಳೆಲೆ, ನುಗ್ಗೆಕಾಯಿ, ಮದ್ರಾಸು ಸೌತೆ. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ನಿನ ಕಟ್ಟಡ. ತಮಿಳು, ಕನ್ನಡ, ತುಳು, ಕೊಂಕಣಿ, ಗುಜರಾತಿ ಒಂದೇ ಪಾದಚಾರಿ ಹಾದಿಯ ಮೇಲೆ. ಅಣ್ಣ ಮೂಗನ್ನೇ ದಿಕ್ಸೂಚಿ ಮಾಡಿಕೊಂಡು ಕಾಫಿ ಅಂಗಡಿಯೊಂದರ ಮುಂದೆ ನಿಂತ.

ಅಲ್ಲಿ ಹುರಿಯುವ ಡ್ರಮ್ಮು ತಿರುಗುತ್ತಿತ್ತು. ಬೀಜ ಹಸಿರಿನಿಂದ ಹಳದಿಗೆ, ಹಳದಿಯಿಂದ ಕಂದಿಗೆ ಬರುವುದನ್ನು ನೋಡುತ್ತ ಅಣ್ಣ ಪಾಠ ಆರಂಭಿಸಿದ. ಪೋರ್ಟರಿನ ಕಥೆಯಲ್ಲಿ ಇಂಥದೇ ಡ್ರಮ್ಮೊಂದು ಬರುತ್ತದಂತೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಕಾಯಿಸಿ ಒಣಗಿಸಿದರೆ ಮಾಲ್ಟ್. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಇಡೀ ಮಾಲ್ಟನ್ನು ಕಂದು ಬಣ್ಣ ಬರುವಂತೆ ಒಣಗಿಸಿ ಪೋರ್ಟರ್ ಮಾಡುತ್ತಿದ್ದರು. ಆ ಮೇಲೆ ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬಂತು. ಕಂದು ಮಾಲ್ಟಿಗಿಂತ ಬಿಳಿ ಮಾಲ್ಟಿನಿಂದಲೇ ಹೆಚ್ಚು ಸಕ್ಕರೆ ಸಿಗುತ್ತದೆಂಬ ಲೆಕ್ಕ ಆಗ ಗೊತ್ತಾಯಿತು. ಹಾಗಾದರೆ ಕಪ್ಪು ಬಣ್ಣಕ್ಕೇನು ಮಾಡುವುದು? 1817ರಲ್ಲಿ ಡೇನಿಯಲ್ ವೀಲರ್ ಎಂಬವನು ಕಾಫಿ ಹುರಿಯುವಂಥ ಉರುಳೆಯಲ್ಲಿ ಮಾಲ್ಟನ್ನು ಕರ್ರಗೆ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಂದಿನಿಂದ ಬಹುಪಾಲು ಬಿಳಿ ಮಾಲ್ಟು, ಒಂದು ಹಿಡಿ ಕರಿ ಮಾಲ್ಟು. “ಸಾರಿಗೆ ಒಗ್ಗರಣೆಯಿದ್ದ ಹಾಗೆ,” ಎಂದ.

“ಹಾಗಾದರೆ ಸ್ಟೌಟ್ ಯಾವುದು?” ಎಂದೆ. ಸ್ಟೌಟ್ ಎಂದರೆ ಗಟ್ಟಿಮುಟ್ಟು. ಗಟ್ಟಿ ಪೋರ್ಟರಿಗೆ ‘ಸ್ಟೌಟ್ ಪೋರ್ಟರ್’ ಎನ್ನುತ್ತಿದ್ದರು, ಬಾಲ ಉದುರಿ ಸ್ಟೌಟ್ ಉಳಿಯಿತು. ಐರ್ಲೆಂಡಿನ ಸ್ಟೌಟಿಗೆ ಮೊಳಕೆ ಬರಿಸದ ಬಾರ್ಲಿಯನ್ನೇ ಹುರಿದು ಹಾಕುವುದು ಈಗಿನ ರೂಢಿ. ಡಬ್ಲಿನ್ನಿನಲ್ಲಿ 1759ರಲ್ಲಿ ಆರ್ಥರ್ ಗಿನ್ನೆಸ್ ವರ್ಷಕ್ಕೆ 45 ಪೌಂಡಿನಂತೆ 9,000 ವರ್ಷಗಳ ಗೇಣಿಗೆ ಜಾಗ ಹಿಡಿದದ್ದನ್ನು ಕೇಳಿ, ಹನ್ನೊಂದು ತಿಂಗಳ ಬಾಡಿಗೆ ಕರಾರಿಗೆ ಪ್ರತಿ ವರ್ಷ ಅಲೆಯುವ ನನಗೆ ಹೊಟ್ಟೆಕಿಚ್ಚಾಯಿತು. ಆದರೆ ಗಿನ್ನೆಸ್ಸಿನ ಹೆಸರು ಕೇಳಿ ನನಗೂ ಒಂದು ನೆನಪಾಯಿತು. ಅಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್ ಎಂಬವನೇ ಕೆಲವೇ ಮಾದರಿಗಳಿಂದ ಸರಾಸರಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಲೆಕ್ಕ ಹಾಕಿ, 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದವನು. ಬಿ.ಎ. ತರಗತಿಯಲ್ಲಿ ನನ್ನ ನಿದ್ದೆಗೆಡಿಸಿದ ‘ಟಿ’ ಪರೀಕ್ಷೆ ಬಿಯರಿನ ಕಾರ್ಖಾನೆಯ ಕೂಸು! ಅಣ್ಣನಿಗೆ ಇದು ಗೊತ್ತಿರಲಿಲ್ಲ. ಆ ದಿನ ನಾನೂ ಅವನಿಗೆ ಒಂದು ಪಾಠ ಹೇಳಿದಂತಾಯಿತು.

ಚಿಕೋರಿ ಬೆರೆಸದ ಚಿಕ್ಕಮಗಳೂರು ಪೀಬೆರಿ ಅರ್ಧ ಕಿಲೋ ತೆಗೆದುಕೊಂಡೆವು. ಕಾಫಿಯನ್ನು ಬಿಯರಿನೊಡನೆ ಕುದಿಸಬಾರದಂತೆ, ಪರಿಮಳ ಹಾರಿಹೋಗುತ್ತದೆ. ಪುಡಿಯನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಹುದುಗು ಮುಗಿದಮೇಲೆ ಬೆರೆಸಬೇಕು.

ಮತ್ತೆ ಗಾಡಿ ಹತ್ತಿ ಕರೀ ರೋಡಿನಲ್ಲಿ ಇಳಿದೆವು. ಅಣ್ಣನಿಗೆ ಲಾಲ್‌ಬಾಗಿನ ಮಸಾಲೆ ಗಲ್ಲಿ ನೋಡಬೇಕಿತ್ತು. ನಾನು ಸಾಮಾನ್ಯವಾಗಿ ಆ ಕಡೆ ಹೋಗುವುದಿಲ್ಲ. ದೊಡ್ಡ ಬಾಣಲೆಗಳಲ್ಲಿ ಮೆಣಸು, ಕೊತ್ತಂಬರಿ ಹುರಿಯುತ್ತಾರೆ, ಡಂಕಿನಲ್ಲಿ ಕುಟ್ಟುತ್ತಾರೆ. ಸೀನು ಬರದೆ ಆ ಗಲ್ಲಿ ದಾಟಿದವರಿಲ್ಲ. ಒಂದು ತಿರುವಿನಲ್ಲಿ ಅಪ್ಪ ದುಡಿದ ಹೋಟೆಲಿದ್ದ ಜಾಗ ತೋರಿಸಿದೆ. ಈಗ ಅಲ್ಲಿ ಮೊಬೈಲ್ ಫೋನಿನ ಅಂಗಡಿ. ಗಿರಣಿಯ ಚಿಮಣಿಗಳಿದ್ದ ಕಡೆ ಗಾಜಿನ ಗೋಪುರಗಳು. “ಆ ಗೋಪುರಗಳ ಬುಡದಲ್ಲಿ ಈಗ ನಿನ್ನ ಪೋರ್ಟರಿನಂಥದ್ದು ಮಾರುವ ಅಂಗಡಿಗಳಿವೆಯಂತೆ. ಒಂದು ಲೋಟದ ಬೆಲೆಯಲ್ಲಿ ಅಪ್ಪ ಒಂದು ವಾರದ ದಿನಸಿ ತರುತ್ತಿದ್ದರು,” ಎಂದೆ. ಮಾತು ಸ್ವಲ್ಪ ಖಾರವಾಯಿತು. ಅಣ್ಣ ಸುಮ್ಮನೆ ನಡೆದ. ಸ್ವಲ್ಪ ಹೊತ್ತಿನ ಮೇಲೆ, “ಚಿಕ್ಕಪ್ಪನ ವಿಷಯ ನನಗೆ ಅಷ್ಟು ಗೊತ್ತಿರಲಿಲ್ಲ ತಮ್ಮ. ಊರಲ್ಲಿ ಎದೆನೋವು ಎಂದಿದ್ದರು,” ಎಂದ. ಹೌದು, ಊರಿಗೆ ಹಾಗೆಯೇ ಪತ್ರ ಹೋಗಿತ್ತು, ಬರೆದದ್ದು ಅಮ್ಮ.

ಮಸ್ಜಿದ್ ಬಂದರ ಬಂದಾಗ ಮಧ್ಯಾಹ್ನ. ಸಗಟು ವ್ಯಾಪಾರದ ಬಹುಭಾಗ ಎಂದೋ ವಾಶಿಗೆ ಹೋಗಿದ್ದರೂ ಆ ಓಣಿಗಳ ಗದ್ದಲ ತಗ್ಗಿಲ್ಲ. ಒಣಕೊಬ್ಬರಿ, ಅರಿಶಿನ, ಖರ್ಜೂರ, ಗೋಣಿಯ ವಾಸನೆ. “ಬಾಜೂ! ಬಾಜೂ!” ಎಂದು ಕೂಗುತ್ತ ಹಾತ್‌ಗಾಡಿ ಎಳೆಯುವವರು; ತಲೆಯ ಮೇಲೆ ಮೂಟೆ ಹೊತ್ತು ನಾಲ್ಕು ಮಹಡಿ ಏರುವವರು. ಅಣ್ಣ ರಸ್ತೆಯ ಮಧ್ಯೆ ನಿಂತುಬಿಟ್ಟ. “ಇವರದೇ ಹೆಸರು ಮಾರಾಯ!” ಎಂದ.

ಪೋರ್ಟರ್ ಎಂದರೆ ಹಮಾಲ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಹಡಗಿನಿಂದ ಕಲ್ಲಿದ್ದಲು, ದವಸ ಇಳಿಸುತ್ತಿದ್ದ ಹಮಾಲರು, ಬೀದಿಯಲ್ಲಿ ಹೊರೆ ಹೊರುತ್ತಿದ್ದ ಬಿಲ್ಲೆ ಕಟ್ಟಿದ ಹಮಾಲರು—ಇವರು ಕುಡಿದು ದಣಿವಾರಿಸಿಕೊಳ್ಳುತ್ತಿದ್ದ ಕಪ್ಪು ಬಿಯರಿಗೆ ಅವರ ಹೆಸರೇ ನಿಂತಿತು. ಅದು ಈ ಬಂದರಕ್ಕೂ ಬಂದಿದೆ. ಈಸ್ಟ್ ಇಂಡಿಯಾ ಕಂಪೆನಿ ತನ್ನ ಸೋಲ್ಜರರಿಗಾಗಿ ಪೀಪಾಯಿಗಟ್ಟಲೆ ಪೋರ್ಟರ್ ತರಿಸುತ್ತಿತ್ತು. ಹೊಂಬಣ್ಣದ ಪೇಲ್ ಏಲ್ ಸಾಹೇಬರಿಗೆ, ಕಪ್ಪು ಪೋರ್ಟರ್ ಸಿಪಾಯಿಗಳಿಗೆ. ಪೀಪಾಯಿ ಇಳಿಸಿದವರು ಮಾತ್ರ ನಮ್ಮವರೇ.

ನಾನು ಹೇಳಿದೆ: ನಮ್ಮ ಹಮಾಲರಿಗೆ ಒಂದು ಪಾನೀಯದ ಹೆಸರು ಬರಲಿಲ್ಲ, ಆದರೆ ಒಂದು ಕಾನೂನು ಬಂತು. ತಲೆಯ ಮೇಲೆ ಹೊರುವುದರಿಂದ ಇವರು ಮಾಥಾಡಿಗಳು. ಅಣ್ಣಾಸಾಹೇಬ್ ಪಾಟೀಲರು ಇವರನ್ನು ಸಂಘಟಿಸಿದರು. 1969ರ ಮಾಥಾಡಿ ಕಾಯಿದೆಯಿಂದ ಇವರ ಕೂಲಿ, ಭವಿಷ್ಯನಿಧಿಗಳಿಗೆ ಮಂಡಳಿಗಳಾದವು. ನಾವು ಮಾತನಾಡುತ್ತಿದ್ದಂತೆ ಒಬ್ಬ ಮಾಥಾಡಿ ಮೂಟೆಯಿಳಿಸಿ, ತಲೆಯ ಸಿಂಬೆ ಬಿಚ್ಚಿ, ಗಾಡಿಯ ಮೇಲೆ ಕುಳಿತು ಕಟಿಂಗ್ ಚಹಾ ಕುಡಿದ. ಅಣ್ಣ ಅವನನ್ನೇ ನೋಡಿ, “ಇದು ಇಲ್ಲಿಯ ಪೋರ್ಟರ್,” ಎಂದ. ನಾವೂ ಎರಡು ಕಟಿಂಗ್ ಹೇಳಿದೆವು.

ಬೆಲ್ಲದ ಅಂಗಡಿಯಲ್ಲಿ ಒಂದು ತಮಾಷೆ ನಡೆಯಿತು. ಕೊಲ್ಹಾಪುರದ ಹೊಂಬಣ್ಣದ ಅಚ್ಚುಗಳನ್ನೆಲ್ಲ ಬದಿಗೆ ಸರಿಸಿ ಅಣ್ಣ, “ಕಾಳಾ ಗೂಳ್ ಇದೆಯೇ?” ಎಂದು ಕೇಳಿದ. ಸೇಠಜಿ ಕನ್ನಡಕ ಇಳಿಸಿ ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು. “ನವಸಾಗರವೂ ಬೇಕೇ?” ಎಂದು ನಿಧಾನವಾಗಿ ಕೇಳಿದರು. ಅಣ್ಣನಿಗೆ ಅರ್ಥವಾಗಲಿಲ್ಲ, ನನ್ನ ಬೆವರು ಕಿತ್ತುಬಂತು. ಈ ಪ್ರಾಂತದಲ್ಲಿ ಕಪ್ಪು ಬೆಲ್ಲ ಮತ್ತು ನವಸಾಗರ ಎರಡನ್ನೂ ಒಟ್ಟಿಗೆ ಕೇಳುವವರು ಕಳ್ಳಭಟ್ಟಿಯವರು. ಪಾಯಸಕ್ಕೆ, ಚಿಕ್ಕಿಗೆ ಎಂದೆಲ್ಲ ತಡವರಿಸಿ ಒಂದು ಕಿಲೋ ಕಟ್ಟಿಸಿಕೊಂಡು ಹೊರಬಿದ್ದೆ. ಜೇಬಿನಲ್ಲಿದ್ದ ಕಚೇರಿಯ ಗುರುತಿನ ಚೀಟಿ ಅಂದು ಇದ್ದಿಲಿನಂತೆ ಸುಟ್ಟಿತು.

ತಮಾಷೆ ಅಲ್ಲಿಗೇ ಮುಗಿಯಲಿಲ್ಲ. ರಾತ್ರಿ ಮನೆಯಲ್ಲಿ ಪೊಟ್ಟಣ ಬಿಚ್ಚಿದಾಗ ಬೆಲ್ಲದ ಸುಟ್ಟ, ಹುಳಿ ಬೆರೆತ ವಾಸನೆ ಕೋಣೆಯೆಲ್ಲ ಹಬ್ಬಿತು. ಅಮ್ಮ ಅಡುಗೆಮನೆಯಿಂದ ಬಂದಳು. “ಇದೊಂದು ಈ ಮನೆಯೊಳಗೆ ಬೇಡ ಮಗಾ,” ಎಂದಳು. ಗದರಲಿಲ್ಲ, ದನಿ ಏರಿಸಲೂ ಇಲ್ಲ. “ನಮ್ಮ ಚಾಳಿನ ಹಿಂದೆ ಡಬ್ಬದಲ್ಲಿ ಹೂತಿಡುತ್ತಿದ್ದರು. ಅವರು ಬರುವ ಮೊದಲು ಈ ವಾಸನೆ ಬರುತ್ತಿತ್ತು.”

ಅಣ್ಣ ಎದ್ದು ಪೊಟ್ಟಣ ಕಟ್ಟಿ ಕೆಳಗೆ ಹೋಗಿ ವಾಚಮನ್ನನಿಗೆ ಕೊಟ್ಟುಬಂದ. ಅವನ ಚಹಾಕ್ಕೆ ಆಯಿತು. ಬಂದವನು ಅಮ್ಮನ ಎದುರು ಕುಳಿತು ಹೇಳಿದ: “ಚಿಕ್ಕಮ್ಮ, ಕಳ್ಳಭಟ್ಟಿ ಬೇರೆ, ಇದು ಬೇರೆ. ಭಟ್ಟಿ ಇಳಿಸುವುದಿಲ್ಲ, ಬರೀ ಹುದುಗು. ಕಳ್ಳಭಟ್ಟಿಯಲ್ಲಿ ಸಾಯುವುದು ಮೆಥನಾಲ್ ಬೆರಸಿ ಮಾರುವುದರಿಂದ. ಮಾಲವಣಿಯಲ್ಲಿ 2015ರಲ್ಲಿ ನೂರಕ್ಕೂ ಹೆಚ್ಚು ಜನ ಹೋದದ್ದು ಹಾಗೆ.” ಅಮ್ಮ ಎಲ್ಲವನ್ನೂ ಕೇಳಿದಳು. “ನಿಮ್ಮ ಚಿಕ್ಕಪ್ಪ ವಿಷದಿಂದ ಸಾಯಲಿಲ್ಲ ಮಗಾ. ದಿನಾ ಕುಡಿದು ಸತ್ತರು. ಒಬ್ಬರೇ ಕೂತು ಕುಡಿಯುತ್ತಿದ್ದರು,” ಎಂದಳು. ಈ ಮಾತನ್ನು ಅಮ್ಮ ಇಷ್ಟು ಬಿಡಿಸಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಣ್ಣನ ಪ್ರಯೋಗಶಾಲೆಯ ವಿದ್ಯೆಗೂ ಅದಕ್ಕೆ ಉತ್ತರವಿರಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಎದ್ದಾಗ ಅಮ್ಮನ ಬಾಣಲೆ ಒಲೆಯ ಮೇಲಿತ್ತು. ಮಗಳ ಮಣ್ಣಿಗಾಗಿ ಅಮ್ಮ ತಿಂಗಳಿಗೊಮ್ಮೆ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ ಇಡುತ್ತಾಳೆ. ಅಣ್ಣ ಅದನ್ನು ಕಂಡು ಬೆರಗಾದ. ಇಷ್ಟೇ ಅಲ್ಲವೇ ಮಾಲ್ಟ್ ಮಾಡುವುದೆಂದರೆ! ಮೊಳಕೆಯ ಕಾಳಿನೊಳಗೆ ಪಿಷ್ಟವನ್ನು ಸಕ್ಕರೆ ಮಾಡುವ ಸತ್ತ್ವ ಹುಟ್ಟುತ್ತದೆ. ಮಗುವಿನ ಮಣ್ಣಿ ತೆಳ್ಳಗೆ, ಸಿಹಿಯಾಗಿ ಆಗುವುದೂ, ಬಾರ್ಲಿಯ ಹಿಟ್ಟನ್ನು ಅರುವತ್ತೇಳು ಡಿಗ್ರಿಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಸಿಹಿರಸವಾಗುವುದೂ ಅದರಿಂದಲೇ. ಆ ರಸಕ್ಕೆ ಹಾಪ್ಸ್ ಎಂಬ ಬಳ್ಳಿಯ ಕಹಿ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರಸಿ, ಇಪ್ಪತ್ತು ಡಿಗ್ರಿಯ ಒಳಗಿನ ತಂಪಿನಲ್ಲಿ ಒಂದೆರಡು ವಾರ ಇಟ್ಟರೆ ಬಿಯರು. ಇಪ್ಪತ್ತು ಲೀಟರಿಗೆ ನಾಲ್ಕೂವರೆ ಕಿಲೋ ಮಾಲ್ಟು ಸಾಕು. ಹಿಮಾಲಯದ ಕಡೆ ರಾಗಿಯಿಂದಲೇ ಛಾಂಗ್ ಮಾಡುತ್ತಾರೆ. ಆದ್ದರಿಂದ ಇದೇನೂ ಹೊಸತಲ್ಲ ಎಂದ ಅಣ್ಣ.

ಅಮ್ಮ ಇದಾವುದಕ್ಕೂ ಕಿವಿಗೊಡದೆ ಹುರಿಯುತ್ತಿದ್ದಳು. ಕಾಳು ಚಟಪಟ ಸಿಡಿದು, ಕೆಂಪಾಗಿ, ಕಾಫಿಯ ಬಣ್ಣಕ್ಕೆ ಬಂತು. ಅಣ್ಣ “ಇನ್ನೂ ಸ್ವಲ್ಪ” ಎಂದಾಗ, “ಹೊಗೆ ಬಂದರೆ ಕಹಿ,” ಎಂದು ಇಳಿಸಿಬಿಟ್ಟಳು. ಹಳೆಯ ಹೋರ್ಲಿಕ್ಸ್ ಬಾಟಲಿಗೆ ತುಂಬಿ ಮುಚ್ಚಳ ತಿರುಗಿಸಿ ಕೊಡುತ್ತ, “ರಾಗಿ ಎಂತ ತಪ್ಪು ಮಾಡಿದೆ? ತೆಕೊಂಡು ಹೋಗು. ಒಬ್ಬನೇ ಕೂತು ಕುಡಿಯಬೇಡ, ಅಷ್ಟೇ,” ಎಂದಳು. ಅಣ್ಣ ಅವಳ ಕಾಲು ಮುಟ್ಟಿದ.

ಏಪ್ರಿಲಿನಲ್ಲಿ ಅವನ ಪತ್ರ ಬಂತು. ಮೊಬೈಲಿನಲ್ಲಿ ಬಂದರೂ ಅದು ಪತ್ರವೇ, ಎರಡು ಪುಟದಷ್ಟಿತ್ತು. ಸ್ಪರ್ಧೆ ನಮ್ಮ ಪರೀಕ್ಷೆಗಳ ಹಾಗೆಯೇ: ಬಾಟಲಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಒಟ್ಟು 50 ಅಂಕ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಹತ್ತುವ ಹದಕ್ಕೆ 5, ಒಟ್ಟಂದಕ್ಕೆ 10. ನೋಟಕ್ಕೆ ಬರೀ ಮೂರು ಅಂಕ ಇಟ್ಟ ಆ ಪದ್ಧತಿ ನನಗೆ ಮೆಚ್ಚಿಕೆಯಾಯಿತು. ನಮ್ಮ ಕಚೇರಿಯಲ್ಲಿ ನೋಟಕ್ಕೇ ಹೆಚ್ಚು. ಅಣ್ಣನಿಗೆ 33 ಬಂದಿತ್ತು, ಬಹುಮಾನವಿಲ್ಲ. ಕಾಫಿ ಸ್ವಲ್ಪ ಮುಂದಾಯಿತು, ಆದರೆ ಹಿಂದೆ ಹುರಿದ ಕಾಳಿನದೊಂದು ಒಳ್ಳೆಯ ಕಂಪಿದೆ, ಯಾವ ಕಾಳೆಂದು ಗೊತ್ತಾಗುತ್ತಿಲ್ಲ ಎಂದು ತೀರ್ಪುಗಾರರೊಬ್ಬರು ಬರೆದಿದ್ದರಂತೆ. ಉಳಿದ ಬಾಟಲಿಗಳನ್ನು ಸಂಘದವರಿಗೆಲ್ಲ ಹಂಚಿದೆ, ಚಿಕ್ಕಮ್ಮನಿಗೆ ಹೇಳು ಎಂದು ಕೊನೆಯಲ್ಲಿತ್ತು.

ಓದಿ ಹೇಳಿದೆ. ಅಮ್ಮ ಮಗಳಿಗೆ ಮಣ್ಣಿ ಉಣಿಸುತ್ತಿದ್ದಳು. “ಐವತ್ತಕ್ಕೆ ಮೂವತ್ತಮೂರಾ? ಪಾಸಾದ ಹಾಗಾಯಿತಲ್ಲ,” ಎಂದಳು. ಸ್ವಲ್ಪ ತಡೆದು, “ಬೆಲ್ಲ ಹಾಕಲಿಲ್ಲವಲ್ಲ?” ಎಂದು ಕೇಳಿದಳು.

“ಇಲ್ಲ,” ಎಂದೆ.

ಅಮ್ಮ ಇನ್ನೊಂದು ಚಮಚ ಮಣ್ಣಿ ತುಂಬಿ ಮಗುವಿನ ಬಾಯಿಗಿಟ್ಟಳು.